ಇಟಾಲಿಯನ್ ರೆಸ್ಟೋರೆಂಟ್ ಅಂದ್ರೆ ಪೀಪಾಯಿ, ಕಂಬ, ಗೊಂಡೋಲ ಇರಲೇಬೇಕಾ?

ಸೌಟು_ಸಂಗ

ನಮಸ್ಕಾರ ಎಲ್ಲರಿಗೂ. ನಾನು ಮತ್ತು ನಮ್ಮ ಭಾವ ಸೇರಿ ಇಂದಿರಾನಗರದಲ್ಲಿ ಒಂದು ಇಟಾಲಿಯನ್ ರೆಸ್ಟೋರೆಂಟ್ ಮತ್ತು ಬಾರ್ ಶುರು ಮಾಡುತ್ತಿದ್ದೇವೆ. ಹಳೇ ಮನೆಯ ನೆಲಮಹಡಿ, 1,400 ಚದರ ಅಡಿ. ಅಡುಗೆಮನೆ, ಟಾಯ್ಲೆಟ್ ಕಳೆದರೆ ಜನ ಕೂರೋದಕ್ಕೆ 800 ಸಿಗಬಹುದು. ಲೈಸೆನ್ಸ್ ಓಡಾಟ ಭಾವನ ಪಾಲು, ಅದನ್ನ ಇಲ್ಲಿ ಕೇಳಬೇಡಿ, ಮನೆಯಲ್ಲಿ ಮೂರು ಹೊತ್ತೂ ಅದೇ ಮಾತು.

ನನ್ನ ತಲೆನೋವು ಇಂಟೀರಿಯರ್. ಡಿಸೈನರ್ ಕಳಿಸಿದ 3ಡಿ ಚಿತ್ರದಲ್ಲಿ ಬಾಗಿಲಲ್ಲೇ ಪಿಒಪಿಯ ರೋಮನ್ ಕಂಬ ಎರಡು, ಗೋಡೆ ತುಂಬ ವೆನಿಸ್ಸಿನ ಗೊಂಡೋಲ ದೋಣಿಯ ಪೇಂಟಿಂಗ್, ಮೂಲೆ ಮೂಲೆಗೆ ಮರದ ಪೀಪಾಯಿ ಒಟ್ಟು ಆರು, ಚಾವಣಿಯಿಂದ ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲು, ಮೇಜಿಗೆಲ್ಲ ಕೆಂಪು-ಬಿಳಿ ಚೌಕಳಿ ಬಟ್ಟೆ. ಭಾವನಿಗೆ ತುಂಬಾ ಹಿಡಿಸಿದೆ. ನನಗೆ ಮಾತ್ರ ಮದುವೆ ರಿಸೆಪ್ಷನ್ ಸ್ಟೇಜ್ ನೋಡಿದ ಹಾಗಾಯ್ತು, ಮಧ್ಯೆ ಎರಡು ಸಿಂಹಾಸನ ಹಾಕಿದರೆ ಗಂಡು-ಹೆಣ್ಣು ಕೂರಿಸಬಹುದು. ನಾವಿಬ್ಬರೂ ಇಟಲಿ ನೋಡಿದವರಲ್ಲ. ಅಲ್ಲಿ ನಿಜಕ್ಕೂ ಹೀಗಿರುತ್ತಾ? ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು?

ಮಿಲಾನೋ_ಮಲ್ಲಿಗೆ

ಆರು ವರ್ಷದಿಂದ ಮಿಲಾನಿನಲ್ಲಿದ್ದೇನೆ, ಇಂಟೀರಿಯರ್ ಓದಿ ಇಲ್ಲೇ ಕೆಲಸ. ಗೊಂಡೋಲ ಚಿತ್ರ ನಾನು ಜಾಸ್ತಿ ನೋಡಿರೋದು ಫ್ರಿಜ್ ಮ್ಯಾಗ್ನೆಟ್ ಮೇಲೆ.

ಮೊದಲು ಒಂದು ವಿಷಯ. ಇಲ್ಲಿ ಬಾರ್ ಅಂದರೆ ನಮ್ಮೂರಿನ ಬಾರ್ ಅಲ್ಲ. ಬೆಳಿಗ್ಗೆ ಏಳಕ್ಕೆ ಕಾಫಿ, ಮಧ್ಯಾಹ್ನ ಸ್ಯಾಂಡ್‌ವಿಚ್, ಸಂಜೆ ಆರರ ಮೇಲೆ ಊಟಕ್ಕೆ ಮುಂಚಿನ ಒಂದು ಗ್ಲಾಸು ಕಂಪಾರಿಯೋ (ಕೆಂಪು ಬಣ್ಣದ ಕಹಿ ಮದ್ಯ) ವೈನೋ, ಎಲ್ಲ ಒಂದೇ ಕೌಂಟರಿನಲ್ಲಿ. ಎಷ್ಟೋ ಕಡೆ ಮೊದಲು ಕ್ಯಾಶಿನಲ್ಲಿ ದುಡ್ಡು ಕೊಟ್ಟು, ಚೀಟಿ ತಂದು ಕೌಂಟರಿನ ಮೇಲಿಟ್ಟು, ನಿಂತೇ ಕುಡಿದು ಎರಡು ನಿಮಿಷದಲ್ಲಿ ಹೊರಗೆ. ಕೂತರೆ ರೇಟು ಜಾಸ್ತಿ. ನಮ್ಮ ದರ್ಶಿನಿಯೇ ಅಲ್ವಾ? ಹಾಗಾಗಿ ಇಲ್ಲಿ ಮನೆಯ ಯಜಮಾನ ಕೌಂಟರು. ಬಾಗಿಲು ತಳ್ಳಿದ ತಕ್ಷಣ ಅದು ಕಣ್ಣಿಗೆ ಬೀಳಬೇಕು. ನಿಮ್ಮ ಡಿಸೈನರ್ ಅದನ್ನ ಹಿಂದಿನ ಮೂಲೆಗೆ ತಳ್ಳಿದ್ದರೆ ಮೊದಲು ಮುಂದಕ್ಕೆ ತರಿಸಿ, ಮೇಜು ಆಮೇಲೆ.

ಅಲಂಕಾರವೇ ಇರಲ್ಲ ಅಂತಲ್ಲ. ಇಲ್ಲಿಯ ಗ್ಯಾಲರಿಯಾದಲ್ಲಿ, ಅದೇ ಗಾಜಿನ ಚಾವಣಿಯ ದೊಡ್ಡ ಆರ್ಕೇಡು, ಕಂಪಾರಿನೋ ಅಂತ 1915ರ ಬಾರ್ ಇದೆ. ಗೋಡೆಗೆ ಹೂಬಳ್ಳಿಯ ಮೊಸಾಯಿಕ್, ಕಮ್ಮಾರ ಬಡಿದು ಮಾಡಿದ ಕಬ್ಬಿಣದ ದೀಪಗಳು. ಆದರೆ ಅದೆಲ್ಲ ಗೋಡೆಯದೇ ಭಾಗ, ತಂದಿಟ್ಟ ಸಾಮಾನಲ್ಲ. ಇದಕ್ಕೆ ಉಲ್ಟಾ ಅಂದರೆ ವೆನಿಸ್ಸಿನ ಹ್ಯಾರೀಸ್ ಬಾರ್. 1931ರಲ್ಲಿ ಶುರುವಾಗೋ ಮುಂಚೆ ಅದು ಹಗ್ಗ ತುಂಬಿಡೋ ಗೋಡೌನು. ಅಷ್ಟು ಹೆಸರು ಕೇಳಿ ಒಳಗೆ ಹೋದರೆ 'ಇಷ್ಟೇನಾ' ಅನಿಸುತ್ತೆ. ಪುಟ್ಟ ಕೋಣೆ, ತಗ್ಗಿನ ಮೇಜು, ತಗ್ಗಿನ ಕುರ್ಚಿ. ಸಾಮಾನು ತಗ್ಗಿದ್ದರೆ ಕೋಣೆ ದೊಡ್ಡದಾಗಿ ಕಾಣುತ್ತೆ, ನಿಮ್ಮ 800 ಅಡಿಗೆ ಅಲ್ಲಿಂದ ಕಲಿಯೋದು ಇದೇ. ದೋಣಿ ಹೊರಗೆ ಕಾಲುವೆಯಲ್ಲಿದೆ.

ಇನ್ನು ಲೈಟು. ದುಡ್ಡು ಹಾಕೋದಾದರೆ ಇಲ್ಲಿ ಹಾಕಿ. 1960ರಲ್ಲಿ ಕಾಸ್ಟಿಲ್ಯೋನಿ ಅನ್ನೋ ಡಿಸೈನರ್ ಅಣ್ಣತಮ್ಮಂದಿರು ಮಿಲಾನಿನಲ್ಲಿ ಸ್ಪ್ಲೂಗೆನ್ ಬ್ರಾಯ್ ಅನ್ನೋ ಬಿಯರ್ ರೆಸ್ಟೋರೆಂಟ್ ಮಾಡಿದರು. ಆ ಜಾಗ ಈಗಿಲ್ಲ, ಅದರ ದೀಪವನ್ನು ಮಾತ್ರ ಫ್ಲೋಸ್ ಕಂಪನಿ ಇವತ್ತಿಗೂ ಮಾರುತ್ತೆ. ಗೆರೆ ಗೆರೆ ಇರೋ ಅಲ್ಯೂಮಿನಿಯಂ ಬುಟ್ಟಿ, ಒಳಗಿನ ಬಲ್ಬಿನ ತುದಿಗೆ ಕನ್ನಡಿಯಂಥ ಬೆಳ್ಳಿ ಲೇಪ. ಬೆಳಕು ಮೊದಲು ಮೇಲಕ್ಕೆ ಹೋಗಿ, ಬುಟ್ಟಿಗೆ ಬಡಿದು, ಆಮೇಲೆ ಮೇಜಿನ ಮೇಲೆ ಬೀಳುತ್ತೆ. ಕಣ್ಣಿಗೆ ಚುಚ್ಚಲ್ಲ. ತಟ್ಟೆಯೂ ಕಾಣುತ್ತೆ, ಎದುರಿಗೆ ಕೂತವರ ಮುಖವೂ ಕಾಣುತ್ತೆ. ಅದೇ ಲ್ಯಾಂಪ್ ತರಿಸಿ ಅಂತಲ್ಲ, ದುಬಾರಿ. ಉಪಾಯ ತಗೊಳ್ಳಿ: ಮೇಜಿಗೊಂದು ದೀಪ, ಮೇಜಿನಿಂದ ಎರಡೂವರೆ ಅಡಿ ಮೇಲೆ, 2,700 ಕೆಲ್ವಿನ್ (ಅಂದರೆ ಹಳದಿ ಛಾಯೆಯ ಬೆಳಕು), ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತೆ ಅನ್ನೋ ಅಂಕ) 90ರ ಮೇಲಿರಲಿ, ಬೆಳಕು ಏರಿಳಿಸೋ ಡಿಮ್ಮರ್ ಕಡ್ಡಾಯ. ಅಗ್ಗದ ಎಲ್‌ಇಡಿ ಕೆಳಗೆ ಟೊಮೆಟೊ ಸಾಸು ಕಂದು ಬಣ್ಣಕ್ಕೆ ತಿರುಗಿ ನಿನ್ನೆಯ ಸಾರಿನ ಹಾಗೆ ಕಾಣುತ್ತೆ.

ಬಿಲ್_ಕೊಡಿ

ಮಿಲಾನಿನಲ್ಲಿ ಕೂತು ಹೇಳೋದು ಸುಲಭ. ನಾನು ಮೈಸೂರಿನಲ್ಲಿ ಒಂಬತ್ತು ವರ್ಷದಿಂದ ಪಿಜ್ಜಾ ಅಂಗಡಿ ನಡೆಸುತ್ತಿದ್ದೇನೆ. ಚೌಕಳಿ ಬಟ್ಟೆ ಹಾಕಿದ ಮೇಜಿಗೇ ಫ್ಯಾಮಿಲಿ ಮೊದಲು ಹೋಗೋದು, ಫೋಟೋ ಬೀಳೋದೂ ಅಲ್ಲೇ. ಅದೂ ಅಲ್ಲದೆ ಸಾಸು ಚೆಲ್ಲಿದರೆ ಕೆಂಪು ಚೌಕದಲ್ಲಿ ಗೊತ್ತಾಗಲ್ಲ. ನಗಬೇಡಿ, ಧೋಬಿ ಬಿಲ್ ಕಟ್ಟೋನು ನಾನು.

ಆದರೆ ಪೀಪಾಯಿ ವಿಷಯದಲ್ಲಿ ಮೇಡಂ ಪರ ನಾನು. ನಾನೂ ಎರಡು ಇಟ್ಟಿದ್ದೆ. ಮೊದಲ ತಿಂಗಳು ಶೋಗೆ, ಎರಡನೇ ತಿಂಗಳು ಗಿರಾಕಿಗಳ ಛತ್ರಿ ಇಡೋಕೆ, ಮೂರನೇ ತಿಂಗಳು ನೋಡಿದರೆ ಒಳಗೆ ಜಿರಳೆ ಸಂಸಾರ.

ಮಿಲಾನೋ_ಮಲ್ಲಿಗೆ

@ಬಿಲ್_ಕೊಡಿ ಧೋಬಿ ಪಾಯಿಂಟು ಒಪ್ಪಿದೆ. ಚೌಕಳಿ ಬಟ್ಟೆ ಇಲ್ಲೂ ಇದೆ, ಹಳ್ಳಿ ಕಡೆಯ ಸಾದಾ ಊಟದ ಮನೆಗಳಲ್ಲಿ. ಹುಲ್ಲು ಸುತ್ತಿದ ಕಿಯಾಂಟಿ ವೈನ್ ಬಾಟಲಿಯೂ ಹಾಗೇ. ಊದಿ ಮಾಡಿದ ಹಳೇ ಬಾಟಲಿಗೆ ತಳ ಗುಂಡಗಿರುತ್ತಿತ್ತು, ನಿಲ್ಲಲಿ ಅಂತ, ಒಡೆಯದಿರಲಿ ಅಂತ ಹುಲ್ಲಿನ ಬುಟ್ಟಿ ಹೆಣೆದರು. ಕೆಲಸವಿದ್ದ ವಸ್ತು. ಕೆಲಸವಿಲ್ಲದೆ ಸುಮ್ನೆ ನೇತುಹಾಕಿದಾಗಲೇ ಸ್ಟೇಜ್ ಸೆಟ್ ಆಗೋದು.

ಇನ್ನೊಂದು ಬಿಟ್ಟೆ. 2015ರಲ್ಲಿ ಇಲ್ಲಿಯ ಪ್ರಾದಾ ಫೌಂಡೇಶನ್ನಿನ (ಫ್ಯಾಷನ್ ಕಂಪನಿ ಪ್ರಾದಾದವರ ಕಲಾ ಸಂಸ್ಥೆ) ಆವರಣದಲ್ಲಿ ಸಿನಿಮಾ ನಿರ್ದೇಶಕ ವೆಸ್ ಆಂಡರ್ಸನ್ ಬಾರ್ ಲೂಚೆ ಅಂತ ಒಂದು ಮಾಡಿಕೊಟ್ಟರು. ಹಳೇ ಮಿಲಾನ್ ಬಾರಿನ ನೆನಪಿಗೆ. ಅವರು ಬಳಸಿದ್ದೇನು ಗೊತ್ತಾ? ತಿಳಿ ಬಣ್ಣದ ಫಾರ್ಮೈಕಾ ಮೇಜು, ಅಂದರೆ ನಮ್ಮ ಸನ್‌ಮೈಕಾ, ಕೆಳಗೆ ಕಲ್ಲಿನ ಚೂರು ಹಾಕಿ ಉಜ್ಜಿದ ಟೆರಾಝೋ ನೆಲ. ಎರಡೂ ನಮ್ಮಜ್ಜನ ಮನೆಯಲ್ಲಿದ್ದವು.

ಕೌಂಟರ್_ಹಿಂದೆ

ಹನ್ನೊಂದು ವರ್ಷ ಬಾರ್‌ಟೆಂಡರ್ ಆಗಿದ್ದೆ, ಗಿರಾಕಿ ಕಡೆಯಿಂದಲ್ಲ, ಈ ಕಡೆಯಿಂದ ಹೇಳ್ತೀನಿ. 3ಡಿ ಚಿತ್ರದಲ್ಲಿ ಕೌಂಟರಿನ ಹಿಂದೆ ಯಾರೂ ಇರಲ್ಲ, ಅದೇ ತೊಂದರೆ. ಕೌಂಟರ್ ಮೂರೂವರೆ ಅಡಿ ಎತ್ತರ, ಒಳಗಡೆ ನಮಗೆ ಓಡಾಡೋಕೆ ಕಮ್ಮಿ ಅಂದರೂ ಮೂರಡಿ ಬಿಡಿ. ಐಸ್ ಇಡೋ ತೊಟ್ಟಿಗೆ, ಸಿಂಕಿಗೆ, ಕಾಫಿ ಮೆಷಿನ್ನಿಗೆ ಡ್ರೈನ್ ಪೈಪು ನೆಲ ಹಾಕೋ ಮುಂಚೆಯೇ ಎಳೆಸಿ. ಬೋರ್‌ವೆಲ್ ನೀರಾದರೆ ಸಾಫ್ಟ್‌ನರ್ ಇಲ್ಲದೆ ಎಸ್‌ಪ್ರೆಸೋ ಮೆಷಿನ್ ಹಾಕಲೇಬೇಡಿ, ಬಾಯ್ಲರ್ ಒಳಗೆ ಸುಣ್ಣ ಕಟ್ಟುತ್ತೆ. ಗಿರಾಕಿ ಕಡೆ ಅರ್ಧ ಅಡಿ ಎತ್ತರಕ್ಕೆ ಒಂದು ಹಿತ್ತಾಳೆ ಪೈಪು, ಕಾಲಿಡೋಕೆ. ನಿಂತು ಕುಡಿಯೋನು ಒಂದು ಕಾಲು ಮೇಲಿಟ್ಟ ಅಂದರೆ ಇನ್ನೊಂದು ಗ್ಲಾಸು ಹೇಳ್ತಾನೆ, ನಂಬಿ.

ಕೌಂಟರಿಗೆ ಬಿಳಿ ಇಟಾಲಿಯನ್ ಮಾರ್ಬಲ್ ಬೇಡ. ನಾನಿದ್ದ ಒಂದು ಜಾಗದಲ್ಲಿ, ಹೆಸರು ಬೇಡ, ಓನರ್ ಆಸೆಪಟ್ಟು ಹಾಕಿಸಿದರು. ಎರಡನೇ ವಾರಕ್ಕೆ ನಿಂಬೆಹಣ್ಣು ಕೊಯ್ಯೋ ಜಾಗದಲ್ಲಿ ಹೊಳಪು ಹೋಗಿ ಉಗುರಿಂದ ಕೆರೆದ ಹಾಗೆ ಮಂಕು. ಗ್ಲಾಸ್ ಇಟ್ಟಲ್ಲೆಲ್ಲ ಉಂಗುರ. ಒರೆಸಿದರೆ ಹೋಗಲ್ಲ, ಅದು ಕಲೆಯಲ್ಲ, ಹುಳಿ ಕಲ್ಲನ್ನೇ ತಿಂದಿರುತ್ತೆ. ದಿನಾ ರಾತ್ರಿ ನಮಗೆ ಬೈಗುಳ. ಗ್ರಾನೈಟ್ ಹಾಕಿ. ಹಾಸನದ ಹಸಿರು ಗ್ರಾನೈಟ್ ಹಿತ್ತಾಳೆ ಪಕ್ಕ ಎಷ್ಟು ಚೆನ್ನಾಗಿ ಕಾಣುತ್ತೆ ಅಂದರೆ ಯಾವ ಊರಿನ ಕಲ್ಲು ಅಂತ ಯಾರೂ ಕೇಳಲ್ಲ.

ಗಾರೆ_ಮೇಷ್ಟ್ರು

@ಸೌಟು_ಸಂಗ ಮೇಡಂ, ಹಳೇ ಮನೆ ಅಂದಿರಿ. ಎಷ್ಟನೇ ಇಸವಿಯದು? ಈಗಿರೋ ನೆಲ ಯಾವುದು? ಮೇಲೆ ಹೇಳಿದ ಟೆರಾಝೋ ಬೇರೇನಲ್ಲ, ನಮ್ಮ ಮೊಸಾಯಿಕ್ ನೆಲ. ವೆನಿಸ್ ಕಡೆಯ ಕೆಲಸಗಾರರು ಉಳಿದ ಅಮೃತಶಿಲೆ ಚೂರು ಹಾಕಿ ಶುರು ಮಾಡಿದ ಕೆಲಸ, ನಮ್ಮಲ್ಲಿ ಸಿಮೆಂಟಿನಲ್ಲಿ ಮನೆ ಮನೆಗೂ ಬಂತು. ಬೆಂಗಳೂರಿನಲ್ಲಿ ನಾನೇ ಎಷ್ಟು ಮನೆಗೆ ಹಾಕಿದ್ದೇನೋ, ಆಮೇಲೆ ಅದರ ಮೇಲೆಯೇ ವಿಟ್ರಿಫೈಡ್ ಟೈಲ್ಸ್ ಹಾಕಿದ್ದೂ ನಾನೇ.

ಪಿಜ್ಜಾಗೆ ಸೌದೆ ಒಲೆ ಇಡುತ್ತೀರಾದರೆ ನೆಲಮಹಡಿ ಆದದ್ದು ಒಳ್ಳೆಯದಾಯ್ತು. ಗುಮ್ಮಟದ ದೊಡ್ಡ ಒಲೆ ಎರಡು ಟನ್ ಹತ್ತಿರ ತೂಗಬಹುದು, ಮಹಡಿ ಮೇಲಾದರೆ ಸ್ಲ್ಯಾಬಿನ ಲೆಕ್ಕ ಮಾಡಿಸಲೇಬೇಕು.

ಸೌಟು_ಸಂಗ

ಮೇಷ್ಟ್ರೇ, ನಿಮ್ಮ ಮಾತು ಓದಿ ಇವತ್ತು ಬೆಳಿಗ್ಗೆ ಹೋಗಿ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಒಂದು ಟೈಲ್ ಎಬ್ಬಿಸಿದೆ. ಕೆಳಗೆ ಮೊಸಾಯಿಕ್ ಇದೆ! ಬಿಳಿ ಸಿಮೆಂಟಿನಲ್ಲಿ ಹಸಿರು, ಕಪ್ಪು ಚೂರು, ಮಧ್ಯೆ ಮಧ್ಯೆ ಒಂದೊಂದು ಹಳದಿ. ಗಾಜಿನ ಪಟ್ಟಿಯೂ ಹಾಗೇ ಇದೆ. ಆದರೆ ಮೇಲೆಲ್ಲ ಚುಚ್ಚಿದ ಹಾಗೆ ಸಣ್ಣ ಸಣ್ಣ ಗುಂಡಿ.

ಗಾರೆ_ಮೇಷ್ಟ್ರು

ಆ ಗುಂಡಿ ಟೈಲ್ಸ್‌ನವರು ಉಳಿಯಿಂದ ಹೊಡೆದದ್ದು, ಹೊಸ ಸಿಮೆಂಟ್ ಹಿಡಿಯಲಿ ಅಂತ. ಗಾಬರಿ ಬೇಡ. ಮೇಲಿನ ಪದರ ಸಾಮಾನ್ಯವಾಗಿ ಅರ್ಧ ಇಂಚಿಗಿಂತ ಕಮ್ಮಿ, ಹಾಗಾಗಿ ಟೈಲ್ಸನ್ನ ಬ್ರೇಕರಿನಲ್ಲಿ ಒಡೆಸಬೇಡಿ, ಕೈ ಉಳಿಯಲ್ಲೇ ನಿಧಾನಕ್ಕೆ ಬಿಡಿಸಿ. ಗುಂಡಿಗೆ ಅದೇ ಬಣ್ಣದ ಚೂರು, ಬಿಳಿ ಸಿಮೆಂಟ್ ತುಂಬಿ, ಒಂದು ವಾರ ನೀರು ನಿಲ್ಲಿಸಿ. ಆಮೇಲೆ ಮೆಷಿನ್ ಕಲ್ಲು 60, 120, 320 ನಂಬರಿನದು (ನಂಬರ್ ಹೆಚ್ಚಾದಷ್ಟು ನಯ) ಹೀಗೆ ಮೂರು ಸಲ ಉಜ್ಜಿ, ಕೊನೆಗೆ ಆಕ್ಸಾಲಿಕ್ ಆಸಿಡ್ ಪುಡಿ ಹಾಕಿ ಪಾಲಿಶ್. ಉಜ್ಜುವಾಗ ಹಾಲಿನಂಥ ಕೆಸರು ಬರುತ್ತೆ, ಅದನ್ನ ಡ್ರೈನಿಗೆ ಬಿಟ್ಟರೆ ಪೈಪು ಕಟ್ಟಿಹೋಗುತ್ತೆ, ಬಕೆಟ್ಟಿನಲ್ಲಿ ಎತ್ತಿಸಿ. ತೇಪೆ ಸ್ವಲ್ಪ ಕಾಣುತ್ತೆ. ಕಾಣಲಿ ಬಿಡಿ, ಹಳೇ ನೆಲ ಅಲ್ವಾ.

ಡ್ರೈನ್ ಪೈಪಿಗೆ ಅಗೆಯೋದು ಕೌಂಟರಿನ ಕೆಳಗೆ ಮಾತ್ರ. ಅಲ್ಲಿ ಹೋದ ಮೊಸಾಯಿಕ್ ಯಾರಿಗೂ ಕಾಣಲ್ಲ.

ಸೌಟು_ಸಂಗ

ಭಾವನನ್ನೂ ಕರೆದುಕೊಂಡು ಹೋಗಿ ತೋರಿಸಿದೆ. ಕುಕ್ಕರುಗಾಲಲ್ಲಿ ಕೂತು ಕರ್ಚೀಫಿನಿಂದ ಒರೆಸಿ ಒರೆಸಿ ನೋಡಿದರು, ಅವರ ಅಮ್ಮನ ಮನೆಯ ಹಾಲಿನಲ್ಲಿ ಇದೇ ಹಸಿರು ಇತ್ತಂತೆ. ಕಂಬ, ಗೊಂಡೋಲ, ದ್ರಾಕ್ಷಿ ಮೂರೂ ಕ್ಯಾನ್ಸಲ್. ಚೌಕಳಿ ಬಟ್ಟೆ ಹೊರಗಿನ ನಾಲ್ಕು ಮೇಜಿಗೆ ಮಾತ್ರ ಅಂತ ರಾಜಿಯಾಯ್ತು. ಕೌಂಟರ್ ಬಾಗಿಲ ಎದುರಿಗೆ ಬರುತ್ತಿದೆ.

ಆದರೆ ಪೀಪಾಯಿಗೆ ಭಾವ ಆಗಲೇ ಪೂರ್ತಿ ದುಡ್ಡು ಕೊಟ್ಟುಬಿಟ್ಟಿದ್ದಾರೆ, ನನಗೆ ಹೇಳದೆ. ಆರೂ ಬಂದು ಗೇಟಿನ ಹತ್ತಿರ ನಿಂತಿವೆ, ವಾಪಸ್ ತಗೊಳ್ಳಲ್ಲವಂತೆ. ಯಾರಿಗಾದರೂ ಬೇಕಿದ್ದರೆ ಅರ್ಧ ರೇಟಿಗೆ ಕೊಡುತ್ತೇನೆ, ಗಾಡಿ ನಿಮ್ಮದು.