20 ಗಜದಲ್ಲಿ ತಪ್ಪದ ಬಾಣ 5 ಗಜದಲ್ಲಿ ತಪ್ಪಿದ್ದೇಕೆ?

ಪ್ರಶ್ನೆ

ಮಾನ್ಯರೆ, ನ್ಯೂಯಾರ್ಕ್ ರಾಜ್ಯದಲ್ಲಿ ಮೇ ತಿಂಗಳಿಡೀ ನಡೆಯುವ ಕಾಡು ಟರ್ಕಿ ಕೋಳಿಯ ಬೇಟೆಗೆ ಈ ಬಾರಿ ಬಂದೂಕನ್ನು ಬಿಟ್ಟು ಕಾಂಪೌಂಡ್ ಬಿಲ್ಲನ್ನು (ತುದಿಗಳಲ್ಲಿ ರಾಟೆಗಳಿರುವ ಬಿಲ್ಲು) ಹಿಡಿದು ಹೋಗಿದ್ದೆ. ಎರಡು ಅವಕಾಶಗಳು ಒದಗಿದವು, ಎರಡೂ ಕೈತಪ್ಪಿದವು. ಮೊದಲನೆಯ ಹುಂಜ 10 ಗಜದಲ್ಲಿದ್ದಾಗ ಹೆದೆ ಎಳೆಯಲೆಂದು ಮೊಣಕೈ ಎತ್ತಿದ್ದೇ ತಡ, ಅದು ಕತ್ತು ನಿಮಿರಿಸಿ ನೋಡಿ ಪೊದೆಯೊಳಗೆ ಮರೆಯಾಯಿತು. ಎರಡನೆಯದು ನಾನು ಕುಳಿತಿದ್ದ ಬಟ್ಟೆಯ ಮರೆಗುಡಾರದಿಂದ 5 ಗಜದಲ್ಲಿ ಪಕ್ಕಕ್ಕೆ ತಿರುಗಿ ನಿಂತಿತ್ತು. ಬಿಲ್ಲಿನ ಮೇಲೆ ಬೇರೆಬೇರೆ ದೂರಗಳಿಗೆ ಹೊಂದಿಸಿದ ಗುರಿಕಡ್ಡಿಗಳಲ್ಲಿ 20 ಗಜದ ಪಿನ್ನನ್ನು ರೆಕ್ಕೆಯ ಬುಡಕ್ಕೆ ಹಿಡಿದು ಬಿಟ್ಟ ಬಾಣ ಎದೆಯಡಿಯ ನಾಲ್ಕು ಗರಿಗಳನ್ನಷ್ಟೇ ಉದುರಿಸಿ ನೆಲಕ್ಕೆ ನೆಟ್ಟಿತು. ಇಷ್ಟು ಹತ್ತಿರದಲ್ಲಿ ಹೀಗಾಗಲು ಕಾರಣವೇನು?

ಮೊದಲ ಉತ್ತರ

ತಪ್ಪು ನಿಮ್ಮ ಕೈಯದಲ್ಲ, ಪಿನ್ನಿನದು. ಕಣ್ಣಿನಿಂದ ಪಿನ್ನಿನ ಮೂಲಕ ಹಾಯುವ ನೋಟದ ಗೆರೆಗಿಂತ ಬಾಣವು ಕೆಲವು ಅಂಗುಲ ಕೆಳಗಿನಿಂದ ಹೊರಡುತ್ತದೆ. ಆ ಗೆರೆಯ ಮಟ್ಟಕ್ಕೆ ಏರಲು ಅದಕ್ಕೆ ಒಂದಿಷ್ಟು ದೂರ ಬೇಕು, 5 ಗಜದಲ್ಲಿ ಆ ದೂರ ಸಿಗುವುದಿಲ್ಲ. ಟರ್ಕಿಯ ಹೃದಯ ಮತ್ತು ಶ್ವಾಸಕೋಶಗಳಿರುವ ಜಾಗ ಮುಷ್ಟಿಗಿಂತ ಹೆಚ್ಚು ದೊಡ್ಡದಲ್ಲ, ಅದೂ ಎದೆಯ ದಪ್ಪ ಮಾಂಸಕ್ಕಿಂತ ಮೇಲೆ, ಬೆನ್ನಿಗೆ ಹತ್ತಿರವಾಗಿದೆ. ಆದ್ದರಿಂದ ಜಿಂಕೆಯ ಬೇಟೆಯಲ್ಲಿ ಗಮನಕ್ಕೇ ಬಾರದ 2 ಅಂಗುಲದ ವ್ಯತ್ಯಾಸ ಇಲ್ಲಿ ಎಲ್ಲವನ್ನೂ ಕೆಡಿಸುತ್ತದೆ. ಅತಿ ಹತ್ತಿರಕ್ಕೆ ಹೆಚ್ಚು ದೂರದ ಪಿನ್ನು, ಅಂದರೆ 30 ಅಥವಾ 40 ಗಜದ್ದು ಹೊಂದಬಹುದು. ಯಾವುದು ಎಂಬುದನ್ನು 3, 5, 8 ಗಜಗಳಲ್ಲಿ, ಬೇಟೆಯಲ್ಲಿ ಕೂರುವ ಸ್ಟೂಲಿನ ಮೇಲೆಯೇ ಕುಳಿತು, ಬಾಣ ಬಿಟ್ಟು ನೋಡಿಕೊಳ್ಳಿ. ಗುಡಾರದ ಕಿಟಕಿಯ ವಿಷಯವೂ ಇದೇ: ಪಿನ್ನಿಗೆ ಹಕ್ಕಿ ಕಾಣಿಸುತ್ತಿದ್ದರೂ ಬಾಣದ ಮೊನೆ ಕಿಟಕಿಯ ಕೆಳ ಅಂಚಿನ ಬಟ್ಟೆಗೆ ಎದುರಾಗಿರಬಹುದು. ನನ್ನ ಹಳೆಯ ಗುಡಾರದಲ್ಲಿ ಅಂಥ ಎರಡು ತೂತುಗಳಿವೆ.

ಎರಡನೆಯ ಉತ್ತರ

ಮೊದಲ ಹುಂಜದ ಬಗ್ಗೆ ನನ್ನದೊಂದು ಮಾತು. ಟರ್ಕಿಗೆ ವಾಸನೆಯ ಶಕ್ತಿ ಕಡಿಮೆ, ಆದರೆ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ನೋಡದ ದಿಕ್ಕು ಬಹಳ ಕಡಿಮೆ. ಹೆದೆ ಎಳೆಯುವ ಕ್ಷಣವನ್ನು ನೀವು ಆರಿಸಿಕೊಳ್ಳುವುದಲ್ಲ, ಹಕ್ಕಿಯೇ ಕೊಡುವಂತೆ ಮಾಡಬೇಕು. ಎಳೆ ಹುಂಜದ ಡಿಕಾಯ್ ಬೊಂಬೆಯನ್ನು (ಹಕ್ಕಿಯನ್ನು ಸೆಳೆಯಲು ಇಡುವ ಬೊಂಬೆ) 6 ಅಥವಾ 7 ಗಜದಲ್ಲಿ, ಮುಖ ನಿಮ್ಮ ಕಡೆಗಿರುವಂತೆ ನಿಲ್ಲಿಸಿ. ದೊಡ್ಡ ಹುಂಜ ಅದನ್ನು ಮುಖಾಮುಖಿಯಾಗಿ ಬೆದರಿಸಲು ಸುತ್ತಿ ಬರುವಾಗ ಅದರ ಬೆನ್ನು ನಿಮ್ಮತ್ತ ತಿರುಗುತ್ತದೆ, ಕೆದರಿದ ಬಾಲದ ಗರಿಗಳೇ ಅದರ ತಲೆಗೆ ಮರೆಯಾಗುತ್ತವೆ. ಹೆದೆ ಎಳೆಯಬೇಕಾದದ್ದು ಆಗಲೇ. ಆ ನಿಲುವಿನಲ್ಲಿ ಬಾಲದ ಗರಿಗಳು ಕೂಡುವ ಬುಡವೇ ಗುರಿ. ಗುಡಾರದ ಹಿಂಬದಿಯ ಕಿಟಕಿಗಳನ್ನು ಮುಚ್ಚಿ, ಕಪ್ಪು ಅಂಗಿ ತೊಟ್ಟು ಕತ್ತಲಲ್ಲಿ ಕುಳಿತುಕೊಳ್ಳಿ. ಬೊಂಬೆಯನ್ನು ಹೊತ್ತು ನಡೆಯುವಾಗ ಮಾತ್ರ ಚೀಲದೊಳಗಿಡಿ. ಕೆಂಪು, ಬಿಳಿ, ನೀಲಿ ಬಣ್ಣಗಳನ್ನು ಮೈಮೇಲೆ ತೋರಿಸಬೇಡಿ, ಏಕೆಂದರೆ ಅವು ಹುಂಜದ ತಲೆಯ ಬಣ್ಣಗಳು, ಅದೇ ಕಾಡಿನಲ್ಲಿ ಬಂದೂಕು ಹಿಡಿದವರೂ ಇರುತ್ತಾರೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಸಂಜೆ ಪ್ರಯತ್ನಿಸಿದೆ: 5 ಗಜದಲ್ಲಿ ನನ್ನ ಬಿಲ್ಲಿಗೆ 40ರ ಪಿನ್ನೇ ಸರಿಹೊಂದುತ್ತಿದೆ. ಕತ್ತನ್ನೇ ಕತ್ತರಿಸುವ ಅಗಲ ಅಲಗಿನ ಮೊನೆಗಳನ್ನು ಬಳಸಿದರೆ ಈ ಲೆಕ್ಕಾಚಾರದ ಗೋಜು ತಪ್ಪೀತೇ?

ಮೊದಲ ಉತ್ತರ ನೀಡಿದವರು

ತಪ್ಪುವುದಿಲ್ಲ, ಹೆಚ್ಚುತ್ತದೆ. ಆ ಅಲಗುಗಳ ಅಗಲ ಸುಮಾರು 4 ಅಂಗುಲದವರೆಗೂ ಇರುವುದರಿಂದ ಕಿಟಕಿಯ ಅಂಚಿಗೂ ಬಿಲ್ಲಿನ ಹಿಡಿಗೂ ತಗಲುವ ಭಯವಿದೆ. ಉದ್ದದ ಬಾಣ ಬೇಕು, ಪಿನ್ನುಗಳನ್ನು ಮತ್ತೆ ಹೊಂದಿಸಬೇಕು. ತಗುಲಿದರೆ ಹಕ್ಕಿ ಅಲ್ಲೇ ಬೀಳುತ್ತದೆ, ಇಲ್ಲದಿದ್ದರೆ ಗಾಯವಿಲ್ಲದೆ ಹೋಗುತ್ತದೆ ಎಂಬ ಮಾತಿನಲ್ಲಿ ಹುರುಳಿದೆ, ಆದರೆ ಒಂದು ಕ್ಷಣವೂ ನಿಲ್ಲದ ತಲೆಗಿಂತ ನಿಂತ ಮೈಯನ್ನೇ ನಾನು ಆರಿಸಿಕೊಳ್ಳುತ್ತೇನೆ.