ಮಕ್ಕಳ ಕ್ಷಯ: ಅಂಗನವಾಡಿ, ಶಾಲೆ, ಎನ್‌ಆರ್‌ಸಿ ಮತ್ತು ಟಿಬಿ ಘಟಕವನ್ನು ನೀವು ಹೇಗೆ ಜೋಡಿಸಿದ್ದೀರಿ?

ಪ್ರಶ್ನೆ: ಆರೋಗ್ಯ ಕಾರ್ಯಕ್ರಮ ಸಂಯೋಜಕಿ, ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು

ನಮ್ಮ ತಾಲ್ಲೂಕಿನಲ್ಲಿ ದೊಡ್ಡವರ ಕ್ಷಯ ಪ್ರಕರಣಗಳು ಪತ್ತೆಯಾಗುತ್ತಿವೆ, ಚಿಕಿತ್ಸೆಯೂ ನಡೆಯುತ್ತಿದೆ. ಆದರೆ ಕ್ಷಯ ರೋಗಿಗಳನ್ನು ನೋಂದಾಯಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ 15 ವರ್ಷದೊಳಗಿನವರ ಹೆಸರು ಕಾಣುವುದೇ ಅಪರೂಪ. ಜಗತ್ತಿನಲ್ಲಿ ಕ್ಷಯಕ್ಕೆ ತುತ್ತಾಗುವವರಲ್ಲಿ ಶೇ. 11ರಿಂದ 12ರಷ್ಟು ಮಂದಿ ಈ ವಯಸ್ಸಿನವರೆಂಬ ಅಂದಾಜಿರುವಾಗ, ನಮ್ಮ ಮಕ್ಕಳಷ್ಟೇ ಪಾರಾಗಿದ್ದಾರೆ ಎಂದು ನಂಬಲು ಮನಸ್ಸು ಒಪ್ಪುತ್ತಿಲ್ಲ. ಅಂಗನವಾಡಿಗಳಿವೆ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಶಾಲೆಗಳಿಗೆ ಹೋಗುತ್ತದೆ, ಆಸ್ಪತ್ರೆಯಲ್ಲಿ ಅಪೌಷ್ಟಿಕ ಮಕ್ಕಳನ್ನು ಸೇರಿಸಿಕೊಂಡು ಆರೈಕೆ ಮಾಡುವ ಎನ್‌ಆರ್‌ಸಿ (ಪೌಷ್ಟಿಕ ಪುನಶ್ಚೇತನ ಕೇಂದ್ರ) ಇದೆ, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಇದೆ. ಎಲ್ಲರೂ ಸಭೆಗೆ ಬಂದು ವರದಿ ಒಪ್ಪಿಸಿ ಹೋಗುತ್ತಾರೆ, ಮಗು ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಸೇರುವುದಿಲ್ಲ. ಇದನ್ನು ಸರಿಪಡಿಸಿದವರಿದ್ದರೆ ದಯವಿಟ್ಟು ಅನುಭವ ಹಂಚಿಕೊಳ್ಳಿ.

ಹಿರಿಯ ಚಿಕಿತ್ಸಾ ಮೇಲ್ವಿಚಾರಕ, ಟಿಬಿ ಘಟಕ

ಮಕ್ಕಳನ್ನು ಹುಡುಕಿಕೊಂಡು ಶಾಲೆಗೆ ಹೋಗುವ ಮೊದಲು ದೊಡ್ಡವರ ಪಟ್ಟಿಯನ್ನು ಕೈಗೆತ್ತಿಕೊಳ್ಳಿ. ಚಿಕ್ಕ ಮಗುವಿಗೆ ಸೋಂಕು ತಗಲುವುದು ಬಹುಪಾಲು ಅದನ್ನು ಎತ್ತಿ ಆಡಿಸುವವರಿಂದಲೇ. ಮನೆಭೇಟಿಯಲ್ಲಿ ಕುಟುಂಬದವರು ಎಷ್ಟು ಜನ ಎಂದು ಕೇಳಿದರೆ ರೇಷನ್ ಕಾರ್ಡಿನಲ್ಲಿರುವ ಹೆಸರುಗಳನ್ನು ಹೇಳುತ್ತಾರೆ. ಬಾಣಂತನಕ್ಕೆ ಬಂದ ಮಗಳ ಹಸುಗೂಸು, ತಂದೆತಾಯಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ಮೇಲೆ ಅಜ್ಜಿಯ ಬಳಿ ಉಳಿದ ಹುಡುಗ, ಇವರಾರೂ ಆ ಕಾರ್ಡಿನಲ್ಲಿ ಇರುವುದಿಲ್ಲ. ಕೆಮ್ಮುವ ಅಜ್ಜಿಯ ಮಗ್ಗುಲಲ್ಲಿ ಮಲಗುವವರು ಮಾತ್ರ ಇವರೇ. ಹಾಗಾಗಿ ನಾವು ಪ್ರಶ್ನೆಯನ್ನೇ ಬದಲಿಸಿ, "ರಾತ್ರಿ ಈ ಮನೆಯಲ್ಲಿ ಯಾರು ಯಾರು ಮಲಗುತ್ತಾರೆ?" ಎಂದು ಕೇಳತೊಡಗಿದೆವು. ಪಟ್ಟಿ ಉದ್ದವಾಯಿತು.

ಆ ಪಟ್ಟಿಯಲ್ಲಿರುವ ಮಕ್ಕಳಲ್ಲಿ ಲಕ್ಷಣವಿರುವವರು ವೈದ್ಯರ ಬಳಿಗೆ ಹೋಗಬೇಕು. ಎರಡು ವಾರ ಮೀರಿದ ಕೆಮ್ಮು ಅಥವಾ ಜ್ವರ, ತೂಕ ಇಳಿಯುವುದು ಅಥವಾ ಏರದೇ ನಿಲ್ಲುವುದು, ಕುತ್ತಿಗೆಯಲ್ಲಿ ಕರಗದ ಗಂಟು, ಇವು ನಾವು ಕೇಳುವ ಲಕ್ಷಣಗಳು. ಐದು ವರ್ಷದೊಳಗಿನ ಉಳಿದ ಮಕ್ಕಳಿಗೆ ರೋಗವಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ ತಡೆಗಟ್ಟುವ ಚಿಕಿತ್ಸೆ ಕೊಡಬೇಕು. 2021ರ ರಾಷ್ಟ್ರೀಯ ಮಾರ್ಗಸೂಚಿ ಅದಕ್ಕಿಂತ ದೊಡ್ಡವರಾದ ಮನೆಮಂದಿಯನ್ನೂ ಈ ಚಿಕಿತ್ಸೆಯ ವ್ಯಾಪ್ತಿಗೆ ತಂದಿದೆ. ಆದರೆ "ಕಾಯಿಲೆಯೇ ಇಲ್ಲದ ಕೂಸಿಗೆ ಆರು ತಿಂಗಳು ಗುಳಿಗೆ ಯಾಕ್ರೀ?" ಎಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಎದುರಾಗುತ್ತದೆ, ಮತ್ತು ನನ್ನಂಥ ಹೊರಗಿನವನು ಕೊಟ್ಟ ಉತ್ತರಕ್ಕೆ ಅಲ್ಲಿ ಹೆಚ್ಚು ಬೆಲೆ ಇರುವುದಿಲ್ಲ. ಅದೇ ಮಗುವಿಗೆ ಲಸಿಕೆ ಹಾಕಿದ ಸಿಸ್ಟರ್ ಬಂದು, ಬಿಸಿಜಿ ಚುಚ್ಚುಮದ್ದು ಮೆದುಳಿನ ಕ್ಷಯದಂತಹ ತೀವ್ರ ರೂಪಗಳಿಂದ ಬಹುಮಟ್ಟಿಗೆ ರಕ್ಷಿಸಿದರೂ ಸೋಂಕನ್ನೇ ತಡೆಯಲಾರದು ಎಂದು ವಿವರಿಸಿದರೆ ತಾಯಂದಿರು ಒಪ್ಪುತ್ತಾರೆ. ನಮ್ಮಲ್ಲಿ ಜೋಡಣೆ ಎಂಬುದು ಮೊದಲು ಆದದ್ದು ಹೀಗೆ: ಟಿಬಿ ಘಟಕದ ಪಟ್ಟಿ ಲಸಿಕಾ ದಿನದ ಪಟ್ಟಿಯ ಜೊತೆಗೆ ಹೋಗತೊಡಗಿತು.

ಒಂದು ಎಚ್ಚರಿಕೆ. ಹೆಸರುಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಊರಿಗೆ ಗೊತ್ತಾದ ಮನೆಯ ಬಾಗಿಲು ಮರುದಿನ ನಮಗೆ ತೆರೆಯುವುದಿಲ್ಲ. ಸಂಬಂಧಪಟ್ಟ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಮುಖತಃ ತಿಳಿಸಿ.

ಮಕ್ಕಳ ತಜ್ಞೆ, ತಾಲ್ಲೂಕು ಆಸ್ಪತ್ರೆ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಪಟ್ಟಿ ಸರಿಯಾದ ಮಾತ್ರಕ್ಕೆ ರೋಗಪತ್ತೆ ಸರಿಯಾಗುವುದಿಲ್ಲ. ನಮ್ಮ ವ್ಯವಸ್ಥೆ ಕಫದ ಸುತ್ತ ಕಟ್ಟಿದ್ದು, ಮೂರು ವರ್ಷದ ಮಗು ಕಫ ಉಗುಳುವುದಿಲ್ಲ, ನುಂಗುತ್ತದೆ. ಡಬ್ಬಿ ಕೊಟ್ಟು ಕಳುಹಿಸಿದರೆ ಬರುವುದು ಜೊಲ್ಲು. ವರದಿ ನೆಗೆಟಿವ್ ಎಂದು ಬರುತ್ತದೆ, ಮಗುವಿನ ಹೆಸರು ಅಲ್ಲಿಗೇ ಮುಚ್ಚಿಹೋಗುತ್ತದೆ. ಮಕ್ಕಳ ಕ್ಷಯದಲ್ಲಿ ಕ್ರಿಮಿಗಳ ಸಂಖ್ಯೆಯೇ ಕಡಿಮೆಯಾದ್ದರಿಂದ, ಒಳ್ಳೆಯ ಮಾದರಿ ಸಿಕ್ಕಾಗಲೂ ನೆಗೆಟಿವ್ ವರದಿಯಿಂದ ರೋಗವಿಲ್ಲವೆಂದು ತೀರ್ಮಾನಿಸಲಾಗದು. ಎಕ್ಸ್‌ರೇ, ಮನೆಯಲ್ಲಿನ ರೋಗಿಯ ವಿವರ ಮತ್ತು ತೂಕದ ಚರಿತ್ರೆಯನ್ನು ಒಟ್ಟಿಗಿಟ್ಟು ವೈದ್ಯರು ತೀರ್ಮಾನಿಸಲು ಮಾರ್ಗಸೂಚಿಯಲ್ಲೇ ಅವಕಾಶವಿದೆ. ಆ ಧೈರ್ಯ ಪಿಎಚ್‌ಸಿ ವೈದ್ಯರಿಗೆ ಬರಬೇಕಾದರೆ ಅವರು ಫೋನ್ ಮಾಡಿದಾಗ ಎಕ್ಸ್‌ರೇ ನೋಡಿ ಉತ್ತರಿಸುವ ಒಬ್ಬ ಮಕ್ಕಳ ತಜ್ಞರಾದರೂ ಬೇಕು. ಜಿಲ್ಲೆಯಲ್ಲಿ ಇನ್ನೇನು ಇಲ್ಲದಿದ್ದರೂ ಇದೊಂದನ್ನು ಮೊದಲು ಮಾಡಿಸಿ.

ನಮಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಎನ್‌ಆರ್‌ಸಿ. ಹೊಟ್ಟೆಯಿಂದ ನಳಿಕೆಯ ಮೂಲಕ ದ್ರವ ತೆಗೆಯಬೇಕೆಂದರೆ ಮಗು ರಾತ್ರಿಯಿಂದ ಉಪವಾಸವಿರಬೇಕು, ಬೆಳಗಿನ ಜಾವ ಏಳುತ್ತಿದ್ದಂತೆ ತೆಗೆಯಬೇಕು. ಹಳ್ಳಿಯಿಂದ ಬಸ್ಸಿನಲ್ಲಿ ಬರುವ ತಾಯಿಗೆ ಇದು ಆಗದ ಮಾತು, ಆದರೆ ಎನ್‌ಆರ್‌ಸಿಯ ಮಗು ಹೇಗೂ ಅಲ್ಲೇ ಮಲಗಿರುತ್ತದೆ. ಸರಿಯಾಗಿ ಉಣಿಸಿದರೂ ತೂಕ ಏರದ ಮಗುವಿನ ಮಾದರಿಯನ್ನು ಅಲ್ಲಿಂದಲೇ ಕ್ರಿಮಿಯ ಡಿಎನ್‌ಎ ಪತ್ತೆಹಚ್ಚುವ ಸಿಬಿನಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆಗೆ ಕಳುಹಿಸುತ್ತೇವೆ. ಮಕ್ಕಳ ಮಲವನ್ನೂ ಸಿಬಿನಾಟ್ ನಡೆಸುವ ಎಕ್ಸ್‌ಪರ್ಟ್ ಯಂತ್ರದಲ್ಲಿ ಪರೀಕ್ಷಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ನಿಮ್ಮ ಪ್ರಯೋಗಾಲಯಕ್ಕೆ ಆ ತರಬೇತಿ ಸಿಕ್ಕರೆ ನಳಿಕೆಯ ಗೋಳು ಎಷ್ಟೋ ತಪ್ಪುತ್ತದೆ.

ಅಂಗನವಾಡಿ ಮೇಲ್ವಿಚಾರಕಿ

ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಅಂಗನವಾಡಿಯ ಬಾಗಿಲಿಗೇ, ಆದ್ದರಿಂದ ಒಂದು ಮಾತನ್ನು ನೇರವಾಗಿ ಹೇಳುತ್ತೇನೆ. ನಮ್ಮ ಕಾರ್ಯಕರ್ತೆಯರಿಗೆ ಇನ್ನೊಂದು ರಿಜಿಸ್ಟರ್ ಕೊಡಬೇಡಿ. ಅವರ ಬಳಿ ಈಗಾಗಲೇ ಒಂದು ಅಮೂಲ್ಯ ದಾಖಲೆ ಇದೆ, ಅದು ತಿಂಗಳ ತೂಕ. ತಾಯಿ ಕಾರ್ಡಿನ ಬೆಳವಣಿಗೆಯ ಗೆರೆ ಮಟ್ಟಸವಾಗಿ ಹೋಗುತ್ತಿರುವ ಮಗುವಿನ ಮನೆಯಲ್ಲಿ ಯಾರಿಗಾದರೂ ಕೆಮ್ಮಿದೆಯೇ, ಯಾರಾದರೂ ಟಿಬಿ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬ ಎರಡೇ ಪ್ರಶ್ನೆಗಳನ್ನು ನಾವು ಸೇರಿಸಿಕೊಂಡೆವು.

ಚಿಕಿತ್ಸೆ ಆರಂಭವಾದ ಮೇಲೂ ಈ ತೂಕವೇ ಬೇಕು. ಮಕ್ಕಳ ಕರಗುವ ಗುಳಿಗೆಗಳ ಪ್ರಮಾಣ ತೂಕದ ಮೇಲೆ ನಿಂತಿದೆ: 4ರಿಂದ 7 ಕಿಲೋ ಇದ್ದರೆ ಒಂದು, 8ರಿಂದ 11ಕ್ಕೆ ಎರಡು, 12ರಿಂದ 15ಕ್ಕೆ ಮೂರು. ಏಳು ಕಿಲೋ ಇದ್ದ ಮಗು ಔಷಧದ ಗುಣದಿಂದಲೂ ಮೊಟ್ಟೆಯಿಂದಲೂ ಚೇತರಿಸಿಕೊಂಡು ಎಂಟು ದಾಟಿದರೆ ಹಳೆಯ ಪ್ರಮಾಣ ಸಾಲದು. ಆದರೆ ತೂಕ ನಮ್ಮ ಪುಸ್ತಕದಲ್ಲಿ, ಗುಳಿಗೆ ಟಿಬಿ ಘಟಕದವರ ಪೆಟ್ಟಿಗೆಯಲ್ಲಿ. ತಿಂಗಳ ತೂಕವನ್ನು ಚಿಕಿತ್ಸೆಯ ಕಾರ್ಡಿನ ಮೇಲೇ ಬರೆದು ಕಳುಹಿಸುವ ಪದ್ಧತಿ ಮಾಡಿಕೊಂಡೆವು. ಇದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ.

ಗುಳಿಗೆ ಆರಂಭಿಸಿದಾಗ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ತಾಯಿಗೆ ಮೊದಲೇ ಹೇಳಿ. ಹೇಳದಿದ್ದರೆ ರಕ್ತವೆಂದು ಹೆದರಿ ಗುಳಿಗೆ ನಿಲ್ಲಿಸುತ್ತಾರೆ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಆಪ್ತಸಮಾಲೋಚಕ, ಸ್ನೇಹ ಕ್ಲಿನಿಕ್

ಹದಿಹರೆಯದವರ ವಿಷಯ ಇಲ್ಲಿ ಯಾರೂ ಎತ್ತಲಿಲ್ಲ. 14ರವರೆಗೆ ಮಕ್ಕಳ ಲೆಕ್ಕ, 15 ತುಂಬಿದರೆ ದೊಡ್ಡವರ ಲೆಕ್ಕ. ಹೀಗಾಗಿ ಪಿಯುಸಿ ಓದುವ ಹುಡುಗಿಯ ಕಷ್ಟ ಯಾವ ಸಭೆಯಲ್ಲೂ ಚರ್ಚೆಗೆ ಬರುವುದಿಲ್ಲ. ಈ ವಯಸ್ಸಿನವರಿಗೆ ಬರುವುದು ಹೆಚ್ಚಾಗಿ ದೊಡ್ಡವರಂಥದೇ ಶ್ವಾಸಕೋಶದ ಕ್ಷಯ. ಅವರಿಂದ ಹಾಸ್ಟೆಲ್ ಕೊಠಡಿಯ ಇತರರಿಗೂ ಹರಡಬಹುದು. ನಾನು ಕಂಡಂತೆ ಹುಡುಗಿಯರು ಗುಳಿಗೆ ಬಿಡುವುದಕ್ಕೆ ಮುಖ್ಯ ಕಾರಣ ಅಡ್ಡಪರಿಣಾಮವಲ್ಲ, ಮದುವೆಯ ಮಾತು ಕೆಡುತ್ತದೆಂಬ ಮನೆಯವರ ಭಯ. ಹುಡುಗರ ಮಟ್ಟಿಗೆ ಅದು ಹಾಜರಾತಿ.

ಹಾಸ್ಟೆಲ್ ವಾರ್ಡನ್ ಜೊತೆ ಬಾಯಿಮಾತಿನ ಒಪ್ಪಂದ ಸಾಲದು. ಔಷಧ ಕೆಲಸ ಮಾಡುತ್ತಿರುವವರು ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಸೋಂಕು ಹರಡುವುದನ್ನು ನಿಲ್ಲಿಸುತ್ತಾರೆ, ಆಮೇಲೆ ಮನೆಗೆ ಕಳುಹಿಸುವ ಅಗತ್ಯವಿಲ್ಲ ಎಂದು ವೈದ್ಯಾಧಿಕಾರಿ ಆಯಾ ವಿದ್ಯಾರ್ಥಿಯ ಬಗ್ಗೆ ಬರೆದುಕೊಟ್ಟ ಪತ್ರವೇ ಬೇಕು. ಇಲ್ಲವಾದರೆ ವಾರ್ಡನ್ ತಮ್ಮ ರಕ್ಷಣೆಗಾಗಿ ಮಗುವನ್ನು ಊರಿಗೆ ಕಳುಹಿಸುತ್ತಾರೆ, ಅಲ್ಲಿ ಚಿಕಿತ್ಸೆಯೂ ಓದೂ ಒಟ್ಟಿಗೆ ನಿಲ್ಲುತ್ತವೆ. ಗುಳಿಗೆಯನ್ನು ವಾರ್ಡನ್ ಕೈಯಲ್ಲಿ ನುಂಗಬೇಕೋ ತಾನೇ ಇಟ್ಟುಕೊಳ್ಳಬೇಕೋ ಎಂಬುದನ್ನು ವಿದ್ಯಾರ್ಥಿಯನ್ನೇ ಕೇಳಿ ನಿರ್ಧರಿಸಿ.

ಆರು ವರ್ಷದ ಮಗಳಿಗೆ ಚಿಕಿತ್ಸೆ ಕೊಡಿಸಿದ ತಾಯಿ

ನಾವು ಮೊದಲು ಹೋದದ್ದು ಖಾಸಗಿ ಕ್ಲಿನಿಕ್ಕಿಗೆ. ಒಂದು ಸಿರಪ್ ಮುಗಿದರೆ ಇನ್ನೊಂದು ಬರುತ್ತಿತ್ತು. ಮನೆಯಲ್ಲಿ ಮಾವನಿಗೆ ಟಿಬಿ ಇತ್ತೇ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕ್ಷಯ ಪತ್ತೆಯಾದರೆ ಸರ್ಕಾರಕ್ಕೆ ತಿಳಿಸುವುದು 2012ರಿಂದ ಖಾಸಗಿಯವರಿಗೂ ಕಡ್ಡಾಯ ಎನ್ನುತ್ತಾರೆ, ಆದರೆ ಅನುಮಾನವೇ ಬರದಿದ್ದರೆ ತಿಳಿಸುವುದಾದರೂ ಏನನ್ನು? ನಿಮ್ಮ ಸಭೆಗೆ ಊರಿನ ಖಾಸಗಿ ಮಕ್ಕಳ ವೈದ್ಯರನ್ನೂ ಕರೆಯಿರಿ. ಕ್ಷಯ ರೋಗಿಯ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ಕೊಡುವ ನಿಕ್ಷಯ್ ಪೋಷಣೆಯ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಮಗುವಿನ ಹೆಸರಲ್ಲಿ ಖಾತೆ ಇಲ್ಲದಿದ್ದರೆ ಪೋಷಕರ ಖಾತೆ ಕೊಡಬಹುದೆಂದು ಮೊದಲ ದಿನವೇ ತಿಳಿಸಿದರೆ ಅಲೆದಾಟ ತಪ್ಪುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಲಸಿಕಾ ದಿನದ ಪಟ್ಟಿಯಿಂದಲೂ ತೂಕದ ಕಾರ್ಡಿನಿಂದಲೂ ಆರಂಭಿಸುತ್ತೇವೆ. ಇನ್ನೊಂದು ತೊಡಕಿದೆ: ಕಬ್ಬು ಕಡಿಯಲು ಹೋಗುವ ಕುಟುಂಬಗಳು ಚಿಕಿತ್ಸೆಯ ನಡುವೆಯೇ ಮಕ್ಕಳನ್ನು ಕರೆದುಕೊಂಡು ಹೊರಡುತ್ತವೆ.

ಹಿರಿಯ ಚಿಕಿತ್ಸಾ ಮೇಲ್ವಿಚಾರಕ

ಹೋಗಬೇಡಿ ಎಂದರೆ ಹೇಳದೆ ಹೋಗುತ್ತಾರೆ. ಹಂಗಾಮಿಗೆ ಮುಂಚೆಯೇ ಎಲ್ಲಿಗೆ, ಯಾವ ಮೇಸ್ತ್ರಿಯ ಜೊತೆ ಎಂದು ಕೇಳಿಟ್ಟುಕೊಳ್ಳಿ. ಕೈಯಲ್ಲಿ ಒಂದು ತಿಂಗಳ ಗುಳಿಗೆ ಮತ್ತು ನಿಕ್ಷಯ್ ಐಡಿ ಬರೆದ ಚೀಟಿ ಕೊಡಿ, ಪೋರ್ಟಲ್‌ನಲ್ಲಿ ಆ ಊರಿನ ಘಟಕಕ್ಕೆ ವರ್ಗಾಯಿಸಿ, ಬಳಿಕ ಅಲ್ಲಿನ ಮೇಲ್ವಿಚಾರಕರಿಗೆ ನೀವೇ ಫೋನ್ ಮಾಡಿ. ಪೋರ್ಟಲ್‌ನ ವರ್ಗಾವಣೆಯನ್ನು ಅವರು ಯಾವಾಗ ತೆರೆದು ನೋಡುತ್ತಾರೋ ಹೇಳಲಾಗದು, ಫೋನ್ ಮಾತ್ರ ಎತ್ತುತ್ತಾರೆ.