ಅಪ್‌ಡೇಟ್: ಅಮ್ಮನ ಮೊಣಕಾಲು ನೋವು ಮತ್ತು ಬುಡಾಪೆಸ್ಟ್‌ನ ಬಿಸಿನೀರು

ಅಮ್ಮನಿಗೆ ಮೊಣಕಾಲು ಸವೆತವಿದೆ, ಬಿಪಿ ಮಾತ್ರೆಯೂ ಇದೆ. ಹಂಗೇರಿಯ ರಾಜಧಾನಿ ಬುಡಾಪೆಸ್ಟ್‌ನ ಬಿಸಿನೀರಿನ ಸ್ನಾನಗೃಹಕ್ಕೆ ಕರೆದುಕೊಂಡು ಹೋಗಬಹುದಾ ಎಂದು ಇಲ್ಲಿ ಕೇಳಿದ್ದೆ. ಡಾಕ್ಟರನ್ನು ಕೇಳಿಯೇ ಹೋಗಿ ಎಂದವರಿಗೆಲ್ಲ ಧನ್ಯವಾದ. ಕೇಳಿಕೊಂಡೇ ಹೋಗಿ ಬಂದೆವು.

ನಾವು ಆರಿಸಿದ್ದು ಸೆಚೆನಿ ಎಂಬ ಸ್ನಾನಗೃಹ. 1913ರಲ್ಲಿ ತೆರೆದ ಹಳದಿ ಬಣ್ಣದ ದೊಡ್ಡ ಕಟ್ಟಡ. ನೆಲದಾಳದಿಂದ ಬರುವ ನೀರು 70 ಡಿಗ್ರಿಗೂ ಜಾಸ್ತಿ ಬಿಸಿ, ಅದನ್ನು ತಣಿಸಿ ಕೊಳಗಳಿಗೆ ಬಿಡುತ್ತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸಲ್ಫೇಟ್ ಅದರಲ್ಲಿವೆ. ಹಂಗೇರಿಯಲ್ಲಿ ಕೀಲುನೋವಿಗೆ ಡಾಕ್ಟರೇ ಇಂಥ ಸ್ನಾನ ಬರೆದುಕೊಡುವುದುಂಟು.

ಈಜುಡುಗೆ ಕಡ್ಡಾಯ ಅಂದಾಗ ಅಮ್ಮ ಹಿಂಜರಿದರು. ಒಳಗೆ ತಮ್ಮ ವಯಸ್ಸಿನ ಅಜ್ಜಿಯರು ಆರಾಮಾಗಿ ಕೂತಿದ್ದು ನೋಡಿ ಧೈರ್ಯ ಬಂತು. ಹೊರಗಿನ ಕೊಳದಲ್ಲಿ ಎದೆಮಟ್ಟದ ನೀರಲ್ಲಿ ನಿಂತೇ ಚೆಸ್ ಆಡುತ್ತಿದ್ದವರನ್ನು ನೋಡಿ ನಕ್ಕೂ ನಕ್ಕರು.

ನೀರಲ್ಲಿ ಮೈಭಾರ ಕಾಲಿನ ಮೇಲೆ ಅಷ್ಟಾಗಿ ಬೀಳುವುದಿಲ್ಲ ಅಲ್ವಾ, ಹಾಗಾಗಿ ಅಮ್ಮ ಮಂಡಿ ಸಲೀಸಾಗಿ ಮಡಚಿದರು. ಬಿಸಿಗೆ ಸ್ನಾಯುಗಳ ಬಿಗಿತವೂ ಸಡಿಲವಾಯಿತು. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು. ಸವೆತ ಹಾಗೇ ಇದೆ, ಮಾತ್ರೆ ನಿಲ್ಲಿಸಿಲ್ಲ. ಆದರೂ ಆ ನೆಮ್ಮದಿ ನನಗೆ ದೊಡ್ಡದು.

ಬಿಪಿ ಇರುವವರಿಗೆ ಒಂದು ಮಾತು: ತುಂಬಾ ಬಿಸಿ ಕೊಳ ಬೇಡ. ಬಿಸಿನೀರಲ್ಲಿ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಥಟ್ಟನೆ ಎದ್ದರೆ ತಲೆ ಸುತ್ತಬಹುದು. ಸ್ವಲ್ಪ ಹೊತ್ತು ಕೂತು, ಕಂಬಿ ಹಿಡಿದು ನಿಧಾನ ಏಳಿ. ನೀರು ಕುಡಿಯುತ್ತಿರಿ. ಶನಿವಾರ, ಭಾನುವಾರ ವಿಪರೀತ ಜನ, ವಾರದ ನಡುವೆ ಬೆಳಗ್ಗೆಯೇ ಹೋಗಿ.